ಹಲ್ಲಿನಿಂದ ಬಿಚ್ಚಿದ ಗಂಟು

ಆಗ ನನಗೆ ಐವತ್ತೇಳು. ಅದಾಗಿ ಹನ್ನೊಂದು ವರ್ಷವಾಯಿತು. ಈಗ ಸೂಜಿಗೆ ನೂಲು ಏರಿಸುವಷ್ಟು ಕಣ್ಣಿಲ್ಲ. ಮೆಷಿನಿನ ಮೇಲೆ ಬಟ್ಟೆ ಹೊದೆಸಿ ಅದರ ಮೇಲೆ ಟಿವಿ ಇಟ್ಟಿದ್ದಾರೆ. ಪಂಚಾಯತಿನ ಹೊಲಿಗೆ ಕ್ಲಾಸಿನ ಟೀಚರ್ ಮನೆಗೆ ಬಂದು, ಈ ಕೆಲಸಕ್ಕೆ ಇಳಿಯುವ ಹುಡುಗಿಯರಿಗಾಗಿ ಏನಾದರೂ ಬರೆದುಕೊಡಿ ಎಂದರು. ನಾನು ಕಲಿತದ್ದು ಮೂರನೇ ಕ್ಲಾಸು. ನನ್ನ ಅಕ್ಷರ ಅಳತೆ ಬರೆಯಲಿಕ್ಕೆ ಮಾತ್ರ ಸಾಕಾಗುವಂಥದ್ದು. ಅಕ್ಷರವನ್ನು ನೀವು ತಿದ್ದಿ, ಸಂಗತಿಯನ್ನು ತಿದ್ದಬೇಡಿ ಎಂದು ಹೇಳಿ ಒಪ್ಪಿಕೊಂಡೆ.

ಕುತ್ತಿಗೆ ಹೇಗೆ ಕತ್ತರಿಸಬೇಕು, ತೋಳು ಹೇಗೆ ಕೂರಿಸಬೇಕು ಎಂದು ನಾನು ಹೇಳುವುದಿಲ್ಲ. ಅದೆಲ್ಲ ಮೊಬೈಲಿನಲ್ಲಿ ಉಂಟು, ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹೇಳುವುದು ತುಂಡು ಬಟ್ಟೆಯ ಸಂಗತಿ. ರವಿಕೆ, ಲಂಗ ಹೊಲಿದ ಮೇಲೆ ಉಳಿಯುತ್ತದಲ್ಲ, ಅದು. ಜನ ಅದನ್ನು ಕಸ ಎನ್ನುತ್ತಾರೆ. ನಾನು ಅದರಲ್ಲಿ ಹಬ್ಬಕ್ಕೆ ತೋರಣ, ದೇವರ ಮಂಟಪಕ್ಕೆ ಮೇಲ್ಕಟ್ಟು, ಅಷ್ಟಮಿಗೆ ಮುದ್ದುಕೃಷ್ಣನ ವೇಷ ಹಾಕುವ ಮಕ್ಕಳಿಗೆ ಚಡ್ಡಿ, ಪೇಟ ಎಲ್ಲ ಮಾಡಿದ್ದೇನೆ. ಆ ಕೆಲಸದಲ್ಲಿ ನನಗೆ ಹೆಸರು ಬಂತು. ಆ ಕೆಲಸದಲ್ಲೇ ತಲೆ ತಗ್ಗಿಸುವ ಹಾಗೆಯೂ ಆಯಿತು. ಹೆಸರಿನ ಸುದ್ದಿ ಬೇರೆಯವರು ಹೇಳಲಿ.

ನನ್ನ ತವರು ಕುಕ್ಕುಂದೂರು. ಕೆಲಸ ಕಲಿತದ್ದು ಕಾರ್ಕಳ ಪೇಟೆಯಲ್ಲಿ, ಅಬ್ಬು ಮಾಸ್ಟರರ ಅಂಗಡಿಯಲ್ಲಿ. ಅವರು ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು. ಅಂಗಡಿಯಲ್ಲಿ ಮಾತು ತುಳುವಿನಲ್ಲಿ, ಬೈಗುಳ ಬ್ಯಾರಿಯಲ್ಲಿ, ಗಿರಾಕಿ ಬಂದರೆ ಕನ್ನಡ. ನಾನು ಹುಕ್ಕು ಹಾಕಿ, ಕೈಹೊಲಿಗೆ ಹಾಕಿ ಒಂದು ವರ್ಷ ಕಳೆದ ಮೇಲೆಯೇ ಮೆಷಿನು ಮುಟ್ಟಲಿಕ್ಕೆ ಬಿಟ್ಟರು. ಮಾಸ್ಟರರಿಗೆ ಕಂಡರೆ ಆಗದ ಒಂದು ಅಭ್ಯಾಸ ನನ್ನಲ್ಲಿ ಇತ್ತು. ನಾನು ನೂಲನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುತ್ತಿದ್ದೆ. ಗಂಟು ಬಿದ್ದರೂ ಹಲ್ಲೇ. ಅವರು ನೋಡಿದರೆ ಅಳತೆಕೋಲಿನಿಂದ ಮೇಜಿಗೆ ಒಂದು ಹೊಡೆಯುತ್ತಿದ್ದರು.

“ಹಲ್ಲು ಇರುವುದು ತಿನ್ನಲಿಕ್ಕೆ. ಇನ್ನೊಬ್ಬರ ಬಟ್ಟೆಯನ್ನು ಬಾಯಿಗೆ ಹಾಕುತ್ತೀಯಲ್ಲ, ನೀನೇನು ಮೇಯುವ ಆಡೋ?”

ನಾನು ಹ್ಞೂಂ ಎನ್ನುತ್ತಿದ್ದೆ. ಅವರು ಆಚೆ ತಿರುಗಿದ ಕೂಡಲೇ ಮತ್ತೆ ಬಾಯಿ. ಕತ್ತರಿ ಹುಡುಕುವುದಕ್ಕಿಂತ ಹಲ್ಲು ಹತ್ತಿರ. ನನ್ನ ಮುಂದಿನ ಹಲ್ಲಿನಲ್ಲಿ ನೂಲಿನಷ್ಟೇ ಸಪೂರದ ಒಂದು ಕಚ್ಚು ಉಂಟು, ಈಗಲೂ ನಾಲಗೆಗೆ ಸಿಗುತ್ತದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ತುಂಡು ಬಟ್ಟೆಯ ಮೊದಲ ಪೆಟ್ಟು ಬಿದ್ದದ್ದೂ ಅಲ್ಲೇ. ಒಂದು ಮದುವೆಯ ಮನೆಯವರು ರವಿಕೆಗೆ ಕೊಟ್ಟ ರೇಷ್ಮೆಯಲ್ಲಿ ಒಳ್ಳೆಯ ತುಂಡು ಉಳಿಯಿತು, ನಮಗೆ ಬೇಡ ಎಂದರು. ರಂಜಾನ್ ಹಬ್ಬ ಹತ್ತಿರ ಇತ್ತು. ಮಾಸ್ಟರರಿಗೆ ಇಬ್ಬರು ಸಣ್ಣ ಗಂಡು ಮಕ್ಕಳು. ನಾನು ಮನೆಯಲ್ಲಿ ಕೂತು ಕೈಯಲ್ಲೇ ಹೊಲಿದು, ಸುತ್ತ ಜರಿ ಕೊಟ್ಟು, ಎರಡು ಟೊಪ್ಪಿ ಮಾಡಿದೆ. ಮಾಸ್ಟರರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹೊಲಿಗೆ ಚೆಂದ ಆಗಿದೆ ಎಂದರು. ನಾನು ಉಬ್ಬಿದೆ. ಹಬ್ಬದ ದಿನ ಅವರ ಮನೆಗೆ ಹೋಗಿ ನೋಡಿದರೆ, ಗಂಡು ಮಕ್ಕಳ ತಲೆಯಲ್ಲಿ ಬಿಳಿ ಹತ್ತಿಯ ಟೊಪ್ಪಿ. ನನ್ನ ರೇಷ್ಮೆ ಟೊಪ್ಪಿ ಎರಡೂ ಅವರ ಕೈಕೂಸು ಹೆಣ್ಣುಮಗುವಿನ ಆಟದ ಸಾಮಾನಿನಲ್ಲಿ ಬಿದ್ದಿದ್ದವು. ಮಾಸ್ಟರರ ಹೆಂಡತಿ ನನ್ನ ಮುಖ ನೋಡಿ, ನಮ್ಮಲ್ಲಿ ಗಂಡಸರಿಗೆ ರೇಷ್ಮೆ ಆಗುವುದಿಲ್ಲ ಮಗಳೇ, ನಿನಗೆ ಬೇಸರ ಆಗಬಾರದು ಅಂತ ಅವರು ಹೇಳಲಿಲ್ಲ ಎಂದರು.

ನಾನು ಅವರ ಅಂಗಡಿಯಲ್ಲಿ ಅಷ್ಟು ದಿನ ಕೂತವಳು. ಅವರ ಮೈಮೇಲೆ ಒಂದು ದಿನವೂ ರೇಷ್ಮೆ ಕಂಡಿರಲಿಲ್ಲ. ನೋಡಿದ್ದೆ, ಗಮನಿಸಿರಲಿಲ್ಲ. ಒಬ್ಬರನ್ನು ಕೇಳಿದ್ದರೆ ಮುಗಿಯುತ್ತಿತ್ತು.

ಮದುವೆಯಾಗಿ ಕಾಪುವಿಗೆ ಬರುವಾಗ ಮಾಸ್ಟರರು ನನಗೊಂದು ದಬ್ಬಣ ಕೊಟ್ಟರು. ಗೋಣಿ ಹೊಲಿಯುವ ದಪ್ಪ ಸೂಜಿ. ಅದರ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ್ದರು. ಗಂಟು ಬಿಚ್ಚಲಿಕ್ಕೆ ಇದು, ಹಲ್ಲಲ್ಲ ಎಂದರು. ಮತ್ತೆ ಒಂದು ಮಾತು ಹೇಳಿದರು.

“ಗಿರಾಕಿ ಹೊಸ ಬಟ್ಟೆ ತಂದರೆ ಅಳತೆ ಕೇಳು. ಹಳೆಯ ತುಂಡು ತಂದರೆ, ಇದು ಎಂತದ್ದು, ಯಾರದ್ದು ಅಂತ ಕೇಳು. ಆಮೇಲೆ ಕತ್ತರಿ ತೆಗೆ.”

ದಬ್ಬಣವನ್ನು ಬಟನಿನ ಡಬ್ಬಿಗೆ ಹಾಕಿದೆ. ಅದು ಅಲ್ಲೇ ಇತ್ತು.

ಕಾಪುವಿನಲ್ಲಿ ರಸ್ತೆಯ ಬದಿಗೆ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಮೊದಲು ಕಾಲಿನಲ್ಲಿ ತುಳಿಯುವ ಮೆಷಿನು, ಆಮೇಲೆ ಮೋಟರು ಬಂತು. ಮೋಟರು ಬಂದ ಮೇಲೆ ಕೆಲಸ ಬೇಗ ಆಯಿತು, ತಪ್ಪೂ ಬೇಗ ಆಯಿತು. ಕಾಲಿನಲ್ಲಿ ತುಳಿಯುವಾಗ ಬಟ್ಟೆ ಸ್ವಲ್ಪ ಅಡ್ಡ ಹೋದರೆ ಕಾಲಿಗೆ ಗೊತ್ತಾಗುತ್ತಿತ್ತು. ಮೋಟರಿನಲ್ಲಿ ಗೊತ್ತಾಗುವಾಗ ಒಂದು ಗೇಣು ಹೊಲಿಗೆ ಆಗಿರುತ್ತದೆ. ಮತ್ತೆ ಪೇಟೆಯಲ್ಲಿ ಪ್ಲಾಸ್ಟಿಕ್ ತೋರಣ ಬಂತು. ನಾಲ್ಕೈದು ವರ್ಷ ನನ್ನ ತೋರಣವನ್ನು ಯಾರೂ ಕೇಳಲಿಲ್ಲ. ಆಮೇಲೆ ಮಣಿಪಾಲದ ಹಾಸ್ಟೆಲಿನ ಹುಡುಗಿಯರು ಹುಡುಕಿಕೊಂಡು ಬರಲಿಕ್ಕೆ ಶುರು ಮಾಡಿದರು. ಹಳೆಯ ತುಂಡು ಬಟ್ಟೆಯದ್ದೇ ಬೇಕು ಆಂಟಿ, ಹೊಸದು ಬೇಡ ಎನ್ನುತ್ತಿದ್ದರು. ಅವರು ಬಂದ ಮೇಲೆ ಊರಿನವರಿಗೂ ಬೇಕಾಯಿತು. ಊರಿನವರು ಹಾಗೆಯೇ.

ನನಗೆ ಐವತ್ತೇಳಾದ ಆ ವರ್ಷ, ತುಳು ತಿಂಗಳು ಆಟಿ ಕಳೆದು ಸೋಣ ಬಂದಿತ್ತು. ಚೌತಿ ಹತ್ತಿರ ಇತ್ತು. ಉಡುಪಿಯ ಅಷ್ಟಮಿ ಸೌರ ಪಂಚಾಂಗದ್ದು, ಆ ಸಲ ಚೌತಿಯ ನಂತರ ಬಿದ್ದಿತ್ತು, ಹಾಗಾಗಿ ಕೃಷ್ಣನ ಚಡ್ಡಿಗಳೂ ತೋರಣಗಳೂ ಒಟ್ಟಿಗೆ ಮೈಮೇಲೆ ಬಂದಿದ್ದವು. ನಾನು ಊಟವನ್ನೂ ಮೆಷಿನಿನ ಹತ್ತಿರ ಮಾಡುತ್ತಿದ್ದೆ. ಆಗ ವಾರಿಜ ಒಂದು ಕಟ್ಟು ತಂದಳು. ವಾರಿಜ ನಮ್ಮ ರಸ್ತೆಯಲ್ಲೇ ಸ್ವಲ್ಪ ಮುಂದಿನ ಮನೆಯವಳು. ಅವಳ ಗಂಡ ಪುಣೆಯಲ್ಲಿ ಹೋಟೆಲಿನಲ್ಲಿ ಇದ್ದ. ಮನೆಯಲ್ಲಿ ಅವಳು, ಅವಳ ಮಗಳು ಅಕ್ಷತಾ, ಅತ್ತೆ ಸುಂದರಿಯಮ್ಮ. ಅತ್ತೆ ಸೊಂಟ ಮುರಿದು ಮಂಚ ಹಿಡಿದು ಬಹಳ ಕಾಲವಾಗಿತ್ತು. ಯಾರಾದರೂ ಎತ್ತಿ ಕೂರಿಸಿದರೆ ಕುರ್ಚಿಯಲ್ಲಿ ಕೂರುತ್ತಿದ್ದರು.

ಹೊಸ ಕಪಾಟು ಮಾಡಿಸಿದ್ದೇವೆ, ಅತ್ತೆಯ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದು, ಅದರಲ್ಲಿದ್ದ ತುಂಡುಗಳು ಇವು, ಚೌತಿಗೆ ಬಾಗಿಲಿಗೊಂದು ತೋರಣ ಮಾಡಿಕೊಡಿ ಎಂದಳು ವಾರಿಜ. ನಾನು ಕಟ್ಟನ್ನು ಕಾಲಿನಿಂದ ಮೇಜಿನ ಅಡಿಗೆ ತಳ್ಳಿ, ಹೋಗು, ಆಗುತ್ತದೆ ಎಂದೆ. ಎಂತದ್ದು, ಯಾರದ್ದು ಎಂದು ಕೇಳಲಿಲ್ಲ. ಕೇಳುವುದೇನಿದೆ, ಅವಳೇ ಹೇಳಿದ್ದಾಳಲ್ಲ, ಅತ್ತೆಯದ್ದು. ಅತ್ತೆಗೆ ಗೊತ್ತುಂಟಾ ಎಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ.

ಕಟ್ಟು ಬಿಚ್ಚಿದಾಗ ಕರ್ಪೂರದ ವಾಸನೆ ಬಂತು. ಹಳೆಯ ಪೆಟ್ಟಿಗೆ ಎಂದರೆ ಕರ್ಪೂರವೋ, ನುಸಿಗುಳಿಗೆಯೋ, ಏನಾದರೂ ಇದ್ದೇ ಇರುತ್ತದೆ. ರೇಷ್ಮೆಯ ತುಂಡುಗಳು, ಒಂದು ಹರಿದ ಶಾಲು, ಮಕ್ಕಳ ಲಂಗದ ಅಂಚು. ಅವುಗಳ ನಡುವೆ ಒಂದು ಸಣ್ಣ ಗಂಟು. ಹತ್ತಿಯ ಬಟ್ಟೆ, ಎರಡು ಅಂಗೈ ಸೇರಿಸಿದಷ್ಟು ಅಗಲ ಇರಬಹುದು, ಅದರ ಒಳಗೆ ನಾಣ್ಯ. ಮುದುಕಿಯರ ಸೆರಗಿನಲ್ಲಿ, ಹಳೆಯ ಕರವಸ್ತ್ರದಲ್ಲಿ ಹೀಗೆ ಗಂಟು ಹಾಕಿದ ನಾಣ್ಯ ನನಗೆ ಎಷ್ಟೋ ಸಲ ಸಿಕ್ಕಿದೆ. ಉಗುರಿನಲ್ಲಿ ಎಳೆದೆ, ಬರಲಿಲ್ಲ. ಗಂಟು ಕಲ್ಲಾಗಿತ್ತು. ದಬ್ಬಣ ಡಬ್ಬಿಯಲ್ಲಿತ್ತು, ಡಬ್ಬಿ ಕೈಗೆಟಕುವಲ್ಲೇ ಇತ್ತು. ನಾನು ಹಲ್ಲಿಗೆ ಕೊಟ್ಟೆ. ಹಲ್ಲಿನ ಆ ಕಚ್ಚಿಗೆ ಸಿಕ್ಕಿಸಿ, ತಲೆ ಅಲ್ಲಾಡಿಸಿ, ಎಂಜಲು ಮಾಡಿ ಬಿಚ್ಚಿದೆ. ಒಳಗೆ ಹಳೆಯ ನಾಲ್ಕಾಣೆ, ನಾವು ಪಾವಲಿ ಎನ್ನುವುದು. ವಾರಿಜ ಬಂದಾಗ ಕೊಟ್ಟರಾಯಿತು ಎಂದು ಬಟನಿನ ಡಬ್ಬಿಗೆ ಹಾಕಿದೆ. ಅದು ದಬ್ಬಣದ ಮೇಲೆ ಬಿದ್ದು ಟಿಣ್ ಎಂದಿತು.

ಬಟ್ಟೆಯ ಬಣ್ಣ ನೋಡಿ ನನಗೆ ಆಸೆಯಾಯಿತು. ಹಣ್ಣಾಗಿ ಬಿದ್ದ ಹಲಸಿನ ಎಲೆಯ ಬಣ್ಣ. ಅರಿಶಿನವೂ ಅಲ್ಲ, ಕಂದೂ ಅಲ್ಲ. ಯಾವ ಅಂಗಡಿಯಲ್ಲೂ ಸಿಗದ ಬಣ್ಣ. ತೋರಣಕ್ಕೆ ಮಾವಿನ ಎಲೆಯ ಹಾಗೆ ಸಾಲಾಗಿ ರೇಷ್ಮೆಯ ಎಲೆ ಮಾಡಿ, ನಟ್ಟನಡುವೆ ಈ ಬಟ್ಟೆಯ ಒಂದು ದೊಡ್ಡ ಎಲೆ ಇಟ್ಟೆ. ಅದಕ್ಕೆ ಸುತ್ತ ಜರಿ ಕೊಟ್ಟು, ತುದಿಗೆ ಮಣಿ ಹಾಕಿದೆ. ನಾನು ಮಾಡಿದ ತೋರಣಗಳಲ್ಲಿ ಅದಕ್ಕಿಂತ ಚೆಂದದ್ದು ಇಲ್ಲ. ಹಿಂದೆಯೂ ಇಲ್ಲ, ಆಮೇಲೂ ಇಲ್ಲ. ವಾರಿಜ ಚೌತಿಯ ಮುಂಚಿನ ದಿನ ಬಂದು ತೆಗೆದುಕೊಂಡು ಹೋದಳು. ಪಾವಲಿ ಕೊಡಲಿಕ್ಕೆ ಮರೆತೆ.

ಚೌತಿಯ ದಿನ ಊಟವಾಗಿ ಅಡ್ಡಾಗಿದ್ದೆ. ವಾರಿಜ ಹಿಂದಿನ ಬಾಗಿಲಿನಿಂದ ಬಂದಳು. ಹಬ್ಬದ ಸೀರೆಯಲ್ಲೇ ಇದ್ದಳು, ಮುಖದಲ್ಲಿ ರಕ್ತ ಇರಲಿಲ್ಲ.

“ಅಪ್ಪಿಯಕ್ಕ, ಆ ಕಟ್ಟಿನಲ್ಲಿ ಒಂದು ಗಂಟು ಇತ್ತಾ?”

“ಇತ್ತು. ಪಾವಲಿ ತೆಗೆದಿಟ್ಟಿದ್ದೇನೆ, ನಿನಗೆ ಕೊಡಲಿಕ್ಕೆ ಮರೆತೆ.”

“ಬಟ್ಟೆ?”

“ತೋರಣದಲ್ಲಿ ಉಂಟಲ್ಲ, ನಡುವಿನ ಎಲೆ.”

ಅವಳು ಹೊಸ್ತಿಲಿನ ಮೇಲೆ ಕೂತುಬಿಟ್ಟಳು. “ಅದು ಅತ್ತೆಯ ಮುಡಿಪು” ಎಂದಳು.

ಈಗಿನ ಹುಡುಗಿಯರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ದೊಡ್ಡ ಕಷ್ಟ ಬಂದಾಗ ತಿರುಪತಿಗೆ ಹರಕೆ ಹೇಳಿಕೊಂಡು, ಹೊಸ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ, ಅದರಲ್ಲಿ ನಾಣ್ಯ ಕಟ್ಟಿ ಇಡುತ್ತಾರೆ. ಅದು ಮುಡಿಪು. ಅದನ್ನು ಬಿಚ್ಚುವ ಹಾಗಿಲ್ಲ. ಕಟ್ಟಿದ ಹಾಗೆಯೇ ದೇವರಿಗೆ ಮುಟ್ಟಿಸಬೇಕು. ಮುಟ್ಟಿಸುವ ತನಕ ಅದು ಸಾಲದ ಹಾಗೆ, ಕಟ್ಟಿದವರ ತಲೆಯ ಮೇಲೆ. ನಾನು ತುಳುವರ ಮನೆಯ ಹೆಂಗಸು, ನನಗೆ ಇದು ಗೊತ್ತಿಲ್ಲವೆ? ಅರಿಶಿನ ಮಾಸಿ ಹಲಸಿನ ಎಲೆಯ ಬಣ್ಣ ಆಗಿತ್ತು, ನನಗೆ ತಿಳಿಯಲಿಲ್ಲ. ಅಷ್ಟೇ ನಾನು ಹೇಳಬಹುದಾದದ್ದು.

ಅಕ್ಷತಾಳಿಗೆ ಮೂರು ವರ್ಷ ದಾಟಿದರೂ ಮಾತು ಬಂದಿರಲಿಲ್ಲ. ಅಮ್ಮಾ ಎಂದೂ ಅನ್ನುತ್ತಿರಲಿಲ್ಲ. ಡಾಕ್ಟರು ಕಾಯಿರಿ ಎಂದರು. ಆಗ ಸುಂದರಿಯಮ್ಮ ಕಟ್ಟಿದ ಮುಡಿಪು ಅದು. ಮರುವರ್ಷ ಹುಡುಗಿಗೆ ಮಾತು ಬಂತು. ಬಂದದ್ದು ಬಂತು, ಮತ್ತೆ ನಿಲ್ಲಲೇ ಇಲ್ಲ. ಆದರೆ ತಿರುಪತಿಗೆ ಹೋಗಲಿಕ್ಕೆ ಯಾರಿಗೂ ಆಗಲಿಲ್ಲ. ಮಗನಿಗೆ ರಜೆ ಇಲ್ಲ, ಸೊಸೆಗೆ ಬಿಡುವಿಲ್ಲ, ಬರುವ ವರ್ಷ, ಬರುವ ವರ್ಷ ಎನ್ನುತ್ತಾ ಅಜ್ಜಿಯ ಸೊಂಟ ಮುರಿಯಿತು. ಹುಡುಗಿ ಮಣಿಪಾಲದಲ್ಲಿ ಕಾಲೇಜಿಗೆ ಸೇರಿದರೂ ಮುಡಿಪು ಮನೆಯಲ್ಲೇ ಇತ್ತು. ಆ ವರ್ಷ ಬೇಸಿಗೆಯಲ್ಲಿ ದೇವರ ಕೋಣೆಗೆ ಟೈಲ್ಸ್ ಹಾಕಿಸುವಾಗ ಅಜ್ಜಿ ಅದನ್ನು ತನ್ನ ಪೆಟ್ಟಿಗೆಗೆ ಹಾಕಿಸಿಕೊಂಡಿದ್ದರು. ಅದು ಪೆಟ್ಟಿಗೆಗೆ ಹೋದದ್ದು ವಾರಿಜಳಿಗೆ ನೆನಪಿರಲಿಲ್ಲ. ಪ್ರತಿ ಚೌತಿಯ ಸಂಜೆ ಅಜ್ಜಿ ಅದನ್ನು ಗಣಪತಿಯ ಎದುರು ಇಡಿಸಿ, ಈ ವರ್ಷವೂ ಆಗಲಿಲ್ಲ, ತಪ್ಪಾಯಿತು ಎಂದು ಕೈ ಮುಗಿಯುತ್ತಿದ್ದರಂತೆ. ಆ ದಿನ ಮಧ್ಯಾಹ್ನ, ನನ್ನ ಮುಡಿಪು ತೆಗೆದಿಡಿ ಎಂದಿದ್ದಾರೆ.

ನಾನು ಪಾವಲಿ ತಂದು ಅವಳ ಕೈಯಲ್ಲಿ ಇಟ್ಟೆ. ಹೋಗಿ ಹೇಳುವ, ನಾನೇ ಹೇಳುತ್ತೇನೆ ಎಂದೆ. ಅಷ್ಟಾದರೂ ಅಂದೆ. ಅವಳು ನನ್ನ ಕೈ ಹಿಡಿದಳು.

“ಬೇಡ ಅಪ್ಪಿಯಕ್ಕ. ಇವತ್ತು ಹಬ್ಬ. ಅವರಿಗೆ ಕಣ್ಣು ಸರಿ ಕಾಣುವುದಿಲ್ಲ. ನಿಮ್ಮಲ್ಲಿ ಬಟ್ಟೆ ಉಂಟಲ್ಲ, ಹೊಸದು ಒಂದು ಕಟ್ಟಿಕೊಡಿ. ಬಚಾವ್ ಮಾಡಿ.”

ಆಗುವುದಿಲ್ಲ ಎನ್ನಬೇಕಿತ್ತು. ನಾನು ಅಂದದ್ದು ಬೇರೆ. ಬರೀ ಅರಿಶಿನ ಹಾಕಿದರೆ ಹೊಸದು ಅಂತ ಗೊತ್ತಾಗುತ್ತದೆ ಮಾರಾಯ್ತಿ, ಸ್ವಲ್ಪ ಚಹಾದ ನೀರು ಸೇರಿಸಬೇಕು ಎಂದೆ. ಇದು ನನ್ನದೇ ಬುದ್ಧಿ. ಅವಳು ಹೇಳಿಕೊಟ್ಟದ್ದಲ್ಲ. ಹಬ್ಬದ ದಿನ ಒಲೆಯ ಮೇಲೆ ಚಹಾಪುಡಿ ಕುದಿಸಿ, ಅರಿಶಿನ ಹಾಕಿ, ಪಾಪ್ಲಿನ್ ಬಟ್ಟೆಯ ಒಂದು ತುಂಡನ್ನು ಅದ್ದಿ, ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿ, ಅದೇ ಪಾವಲಿ ಇಟ್ಟು ಗಂಟು ಹಾಕಿದೆ. ಬಣ್ಣ ತಪ್ಪದೆ ಬಂತು. ಬಣ್ಣ ಸರಿಯಾಗಿ ಬಂದದ್ದಕ್ಕೆ ನನಗೆ ಒಂದು ಕ್ಷಣ ಸಂತೋಷವೂ ಆಯಿತು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ತಿಳಿಯದೆ ಬಿಚ್ಚಿದ್ದಕ್ಕೆ ಅಷ್ಟು ನಾಚಿಕೆ ಇಲ್ಲ. ತಿಳಿದು ಕಟ್ಟಿದ್ದಕ್ಕೆ ಉಂಟು.

ಸಂಜೆ ಪೂಜೆಗೆ ನನ್ನನ್ನೂ ಕರೆದಿದ್ದರು. ಹೋಗದೆ ಇರುವ ಹಾಗಿರಲಿಲ್ಲ. ಬಾಗಿಲಲ್ಲೇ ತೋರಣ. ಬಂದವರೆಲ್ಲ ತಲೆ ಎತ್ತಿ ನೋಡುತ್ತಿದ್ದರು. ನಡುವಿನ ಎಲೆಯ ಬಣ್ಣ ಎಷ್ಟು ಲಾಯ್ಕುಂಟು, ಎಲ್ಲಿ ಸಿಕ್ಕಿತು ಅಪ್ಪಿಯಕ್ಕ, ನವರಾತ್ರಿಗೆ ನಮಗೂ ಒಂದು ಮಾಡಿಕೊಡಿ, ಅದೇ ಬಣ್ಣ ಆಗಬೇಕು ಎಂದು ಒಬ್ಬರ ಹಿಂದೆ ಒಬ್ಬರು ಹೇಳಿದರು. ನಾನು ಚಪ್ಪಲಿ ನೋಡುತ್ತಾ ಒಳಗೆ ಹೋದೆ. ಸುಂದರಿಯಮ್ಮ ಮಂಟಪದ ಹತ್ತಿರ ಕುರ್ಚಿಯಲ್ಲಿದ್ದರು. ಅಕ್ಷತಾ ಅಜ್ಜಿಯ ಕಾಲ ಬಳಿ ಕೂತು ಯಾರದೋ ಸುದ್ದಿ ಹೇಳುತ್ತಿದ್ದಳು.

ಮಂಗಳಾರತಿಯಾಗಿ ನೆರೆಯವರು ಪ್ರಸಾದ ತೆಗೆದುಕೊಂಡು ಹೋದ ಮೇಲೆ, ವಾರಿಜ ನನ್ನ ಗಂಟನ್ನು ಅತ್ತೆಯ ಕೈಗೆ ಕೊಟ್ಟಳು. ಅವರು ಅದನ್ನು ಕಣ್ಣಿಗೆ ಒತ್ತಿಕೊಳ್ಳಲಿಕ್ಕೆ ಎತ್ತಿದರು. ಅರ್ಧಕ್ಕೆ ಕೈ ನಿಂತಿತು. ಮೂಗಿನ ಹತ್ತಿರ ಹಿಡಿದರು.

“ಚಹಾದ ವಾಸನೆ” ಎಂದರು.

ಅವರು ಬೆರಳಿನಿಂದ ಗಂಟನ್ನು ಮುಟ್ಟಿದರು. ಒಂದು ಸುತ್ತು, ಎರಡು ಸುತ್ತು. ಕಣ್ಣು ಕಾಣದವರು ಮುಖ ಮುಟ್ಟಿ ನೋಡುವ ಹಾಗೆ. ಆಮೇಲೆ ಬಾಗಿಲ ಕಡೆಗೆ, ತೋರಣ ಇದ್ದಲ್ಲಿಗೆ ಮುಖ ತಿರುಗಿಸಿದರು. ಅವರಿಗೆ ಅದು ಎಷ್ಟು ಕಂಡಿತೋ ನನಗೆ ಗೊತ್ತಿಲ್ಲ. ತಿರುಗಿ ನನ್ನನ್ನು ಕೇಳಿದರು.

“ಅಪ್ಪಿ, ನನ್ನ ಗಂಟು ಬಿಚ್ಚಲಿಕ್ಕೆ ನಿನಗೆ ತುಂಬ ಕಷ್ಟ ಆಯಿತಾ?”

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವರು ನಿಜವಾಗಿ ಕೇಳುತ್ತಿದ್ದರು, ಕಷ್ಟ ಆಯಿತಾ ಎಂದು. ನಾನು ಹೌದು ಎಂದೆ.

“ಆಗಬೇಕು. ಒದ್ದೆ ಬಟ್ಟೆಯಲ್ಲಿ ಕಟ್ಟಿದ್ದೆ, ಯಾರೂ ಬಿಚ್ಚಬಾರದು ಅಂತ. ಎಂತದರಲ್ಲಿ ಬಿಚ್ಚಿದೆ?”

“ಹಲ್ಲಿನಲ್ಲಿ, ಅಮ್ಮ.”

ವಾರಿಜ “ಅತ್ತೇ, ನಾನೇ ಅವರಿಗೆ” ಎಂದು ಶುರು ಮಾಡಿದಳು. ನೀನು ಸುಮ್ಮನಿರು ಎಂದರು ಅಜ್ಜಿ. ಧ್ವನಿ ಏರಿಸಲಿಲ್ಲ. ಚಹಾದ ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟು ನಿಧಾನವಾಗಿ ಬಿಚ್ಚಿದರು. ಅದು ಸುಲಭದಲ್ಲಿ ಬಿಚ್ಚಿತು. ಸುಳ್ಳು ಗಂಟು.

ನಾನು ಬಾಯಿಗೆ ಬಂದದ್ದು ಹೇಳಿದೆ. ತೋರಣ ಇಳಿಸುತ್ತೇನೆ, ಎಲೆಯ ಹೊಲಿಗೆ ತೆಗೆಯುತ್ತೇನೆ, ಕತ್ತರಿಸಿದ ಅಂಚುಗಳು ಅಂಗಡಿಯಲ್ಲಿ ಉಂಟು, ಎಲ್ಲ ಸೇರಿಸಿ ಮೊದಲಿನ ಹಾಗೆ ಚೌಕ ಮಾಡಿಕೊಡುತ್ತೇನೆ, ಜೋಡಿಸಿದ್ದು ಗೊತ್ತೇ ಆಗುವುದಿಲ್ಲ ಎಂದೆ.

“ಸೂಜಿ ತಾಗಿದ ಬಟ್ಟೆ ದೇವರಿಗೆ ಆಗುವುದಿಲ್ಲ” ಎಂದರು ಅವರು. “ಅದು ನಿನಗೂ ಗೊತ್ತುಂಟು.”

ಗೊತ್ತುಂಟು. ಮಡಿಗೆ ಹೊಲಿಗೆ ಆಗದು ಎಂದು ಚಿಕ್ಕಂದಿನಿಂದ ಕೇಳಿದವಳು ನಾನು. ಆದರೆ ಹರಿದದ್ದು ಯಾವುದೇ ಇರಲಿ ಜೋಡಿಸಬಹುದು ಎಂದು ಅಷ್ಟು ವರ್ಷ ತಿಳಿದುಕೊಂಡಿದ್ದೆ. ನನಗೆ ಬರುವುದು ಅದೊಂದೇ ಕೆಲಸ. ಅದು ಬೇಡವಾದ ಜಾಗದಲ್ಲಿ ನಾನು ಬರಿಗೈಯಲ್ಲಿ ನಿಂತಿದ್ದೆ, ಕೊರಳಲ್ಲಿ ಟೇಪು ಬೇರೆ. ಹಬ್ಬದ ದಿನವೂ ಅಭ್ಯಾಸಕ್ಕೆ ಹಾಕಿಕೊಂಡು ಬಂದಿದ್ದೆ.

ಅಕ್ಷತಾ ಅಜ್ಜಿಯ ಮೊಣಕಾಲು ಅಲ್ಲಾಡಿಸಿದಳು. “ಅಜ್ಜೀ, ಹಾಗಾದರೆ ನನ್ನ ಮಾತು ನಿಲ್ಲುತ್ತದಾ ಈಗ?”

“ನಿಂತರೆ ಮನೆಯಲ್ಲಿ ಸ್ವಲ್ಪ ಹೊತ್ತು ನಿದ್ದೆ ಮಾಡಬಹುದಿತ್ತು” ಎಂದರು ಅಜ್ಜಿ. ಹುಡುಗಿ ನಕ್ಕಳು. ಆದರೆ ಅಜ್ಜಿಯ ಕೈ ಹೋಗಿ ಅವಳ ಕೊರಳ ಮೇಲೆ ಕೂತದ್ದನ್ನು ನಾನು ನೋಡಿದೆ. ಮುದುಕಿ ನಿಜವಾಗಿ ಹೆದರಿದ್ದರು. ಅವರ ಲೆಕ್ಕದಲ್ಲಿ ಆ ಹುಡುಗಿಯ ಮಾತು ಆ ಗಂಟಿನ ಮೇಲೆ ನಿಂತಿತ್ತು, ನ್ಯಾಯವೋ ಅನ್ಯಾಯವೋ. ಹರಕೆ ಹೊತ್ತುಕೊಂಡು ಸಾಯಲಿಕ್ಕೆ ನನಗೆ ಮನಸ್ಸಿಲ್ಲ ಎಂದು ಅವರು ಯಾರಿಗೆಂದಿಲ್ಲದೆ ಹೇಳಿದರು.

ಆಮೇಲೆ ಒಂದು ಹೊಸ ಮುಂಡು, ಬಿಳಿ ಪಂಚೆ, ತರಿಸಿದರು. ನಾನು ಕತ್ತರಿ ಬೇಕಾ ಎಂದೆ, ಬೇಡ ಎಂದರು. ಅಕ್ಷತಾ ಒಂದು ತುದಿ ಹಿಡಿದಳು, ಅಜ್ಜಿ ಇನ್ನೊಂದು ತುದಿ ಹಿಡಿದು ಕೈಯಿಂದಲೇ ಹರಿದರು. ಅರಿಶಿನದ ನೀರಿನಲ್ಲಿ ಅದ್ದಿಸಿದರು. ಪಾವಲಿಯನ್ನು ಹುಳಿ ಹಚ್ಚಿ ತಿಕ್ಕಿಸಿ, ತುಳಸಿಯ ನೀರಿನಲ್ಲಿ ತೊಳೆಸಿ, ಎಂಜಲು ತಾಗಿದ್ದು ಬಟ್ಟೆಗೆ, ನಾಣ್ಯಕ್ಕಲ್ಲ ಅಲ್ವಾ ಎಂದು ನನ್ನಲ್ಲಿ ಎರಡು ಸಲ ಕೇಳಿದರು. ಅಲ್ಲ ಅಮ್ಮ ಎಂದೆ. ಅದು ನಿಜವೇ. ಒದ್ದೆ ಬಟ್ಟೆಯಲ್ಲಿ ನಾಣ್ಯ ಇಟ್ಟು ಗಂಟು ಹಾಕಿದರು. ಬೆರಳಿಗೆ ಶಕ್ತಿ ಇರಲಿಲ್ಲ. ಸೊಸೆ ಕೈ ಚಾಚಿದರೆ ತಳ್ಳಿದರು. ನಾವು ಮೂವರು ನಿಂತು ನೋಡಿದೆವು. ಗಂಟು ಬಿಗಿಯುವ ಹೊತ್ತಿಗೆ ಅವರ ಹಣೆಯಲ್ಲಿ ಬೆವರು ಬಂದಿತ್ತು.

ಆ ಒದ್ದೆ ಗಂಟನ್ನು ಅವರು ನನ್ನ ಅಂಗೈಯಲ್ಲಿ ಇಟ್ಟರು.

“ಬಿಚ್ಚಿದವಳೇ ಮುಟ್ಟಿಸು. ನಾಳೆ ಬೆಳಿಗ್ಗೆ ಹೊರಡು. ಇವಳನ್ನೂ ಕರೆದುಕೊಂಡು ಹೋಗು, ಮಾತು ಇವಳದ್ದು.”

ಇದು ಶಾಸ್ತ್ರವೋ, ಮುದುಕಿಯ ಹಠವೋ, ನಾನು ಯಾರಲ್ಲೂ ಕೇಳಿಲ್ಲ. ನಾನು ಮಂಗಳೂರು ದಾಟಿ ಹೋದವಳಲ್ಲ. ಅಷ್ಟಮಿಯ ಚಡ್ಡಿಗಳು ಅರ್ಧಕ್ಕೆ ಉಂಟು, ಮಕ್ಕಳ ತಾಯಂದಿರಿಗೆ ಮಾತು ಕೊಟ್ಟಿದ್ದೇನೆ ಎಂದೆ.

“ಕೃಷ್ಣ ಚಡ್ಡಿ ಇಲ್ಲದೆಯೂ ಇದ್ದವನೇ” ಎಂದರು. ಮಾತು ಮುಗಿಯಿತು.

ಹೋಗುವಾಗ ತೋರಣ ಇಳಿಸಲಿಕ್ಕೆ ಬಾಗಿಲಲ್ಲಿ ಕೈ ಎತ್ತಿದೆ. ಒಳಗಿನಿಂದಲೇ ಬೇಡ ಎಂದರು. ಅದು ಅಲ್ಲೇ ಇರಲಿ, ಚೆಂದ ಮಾಡಿದ್ದೀಯಂತಲ್ಲ ಎಂದರು. ಅದು ಹೊಗಳಿಕೆಯೋ, ಶಿಕ್ಷೆಯೋ? ಎರಡೂ ಇರಬೇಕು. ಸುಂದರಿಯಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ವಾರಿಜ ಈಗಲೂ ಪ್ರತಿ ಚೌತಿಗೆ ಆ ತೋರಣ ಕಟ್ಟುತ್ತಾಳೆ. ಆ ರಸ್ತೆಯಲ್ಲಿ ಹೋಗುವವರು ಈಗಲೂ ಅಪ್ಪಿಯಕ್ಕನ ಕೈ ಅಂದರೆ ಕೈ ಎನ್ನುತ್ತಾರೆ. ಆ ಬಣ್ಣದ ಎಲೆ ಬೇಕು ಎಂದು ಕೇಳಿದವರಿಗೆಲ್ಲ ನಾನು ಬಟ್ಟೆ ಸಿಗುವುದಿಲ್ಲ ಎಂದೆ. ಚಹಾ, ಅರಿಶಿನ ಸೇರಿಸಿದರೆ ಬರುತ್ತದೆ ಎಂದು ಹೇಳಲಿಲ್ಲ. ಈಗ ಬರೆದೆ, ಇನ್ನು ಯಾರು ಬೇಕಾದರೂ ಮಾಡಿಕೊಳ್ಳಿ.

ನೀವು ಈ ಕೆಲಸಕ್ಕೆ ಬರುವವರು. ಹೊಸ ಬಟ್ಟೆ ಹಾಳಾದರೆ ಬೇರೆ ತಂದುಕೊಡಬಹುದು. ಹಳೆಯ ತುಂಡನ್ನು ಎಲ್ಲಿಂದ ತರುತ್ತೀರಿ? ಕಟ್ಟು ತಂದವಳ ಎದುರಿಗೇ ಅದನ್ನು ಬಿಚ್ಚಿ. ಅದರಲ್ಲಿ ಗಂಟು ಇದ್ದರೆ ಅವಳ ಕೈಗೇ ಕೊಡಿ. ಕೆಲಸ ಎಷ್ಟೇ ಇರಲಿ.

ತಿರುಪತಿಗೆ ಹೋದೆವು, ಮುಟ್ಟಿಸಿ ಬಂದೆವು. ಅದರಲ್ಲಿ ಹೇಳುವಂಥದ್ದು ಏನಿಲ್ಲ. ಜನ ತುಂಬ ಇದ್ದರು. ನನಗೆ ನೆನಪಿರುವುದು ಹೊರಟ ಬೆಳಿಗ್ಗೆ.

ಮೆಷಿನಿಗೆ ಬಟ್ಟೆ ಹೊದೆಸಿ, ಅಂಗಡಿಯ ಬಾಗಿಲು ಹಾಕಿ, ಮಂಗಳೂರಿನ ಬಸ್ಸು ಹತ್ತಿದೆವು. ಮುಡಿಪನ್ನು ಒಂದು ಶುದ್ಧದ ಬಟ್ಟೆಯ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡಿದ್ದೆ. ಟೇಪನ್ನು ಮನೆಯಲ್ಲಿ ಬಿಟ್ಟಿದ್ದೆ. ಅಕ್ಷತಾ ಕಿಟಕಿಯ ಹತ್ತಿರ ಕೂತವಳು ಉಚ್ಚಿಲ ಬರುವ ಮೊದಲೇ ಮಾತು ಶುರು ಮಾಡಿದಳು. ಕಾಲೇಜಿನದ್ದು, ಹಾಸ್ಟೆಲಿನ ಗೆಳತಿಯರದ್ದು, ಅಮ್ಮ ರಾತ್ರಿ ಅತ್ತದ್ದು, ಅಜ್ಜಿ ಚೆನ್ನಾಗಿ ನಿದ್ದೆ ಮಾಡಿದ್ದು. ಪಡುಬಿದ್ರಿಯಲ್ಲಿ ಎಡಕ್ಕೆ ದೂರದಲ್ಲಿ ನಂದಿಕೂರಿನ ಕರೆಂಟಿನ ಕಾರ್ಖಾನೆಯ ಚಿಮಣಿ ಕಂಡಾಗ ಅದರ ಬಗ್ಗೆಯೂ ಒಂದಷ್ಟು ಹೇಳಿದಳು. ಅವಳು ಸ್ವಲ್ಪ ಹೊತ್ತು ಸುಮ್ಮನಾದರೆ ನಾನು ಕೊರಳಿನ ಚೀಲ ಮುಟ್ಟಿ ನೋಡುತ್ತಿದ್ದೆ. ಮತ್ತೆ ಶುರು ಮಾಡಿದರೆ ಸಮಾಧಾನ.

ಮುಲ್ಕಿಯ ಹತ್ತಿರ ಅವಳು ಚೀಲದಿಂದ ಚಕ್ಕುಲಿಯ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟಳು. ಹಬ್ಬದ ಚಕ್ಕುಲಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಬಾಯಿಯನ್ನು ಬಿಗಿಯಾಗಿ ಗಂಟು ಹಾಕಿತ್ತು.

“ಬಿಚ್ಚಿ ಅಪ್ಪಿಯಕ್ಕ, ಹಸಿವಾಗುತ್ತದೆ.”

ಉಗುರಿನಲ್ಲಿ ಎಳೆದೆ, ಬರಲಿಲ್ಲ. ಕೈ ತನ್ನಷ್ಟಕ್ಕೆ ಮೇಲೆ ಹೋಯಿತು. ಗಂಟು ತುಟಿಗೆ ತಾಗಿತು, ತೆರೆದ ಬಾಯಿಯಲ್ಲಿ ಹಲ್ಲು ಕಾಯುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ.

ಪೊಟ್ಟಣವನ್ನು ಅವಳ ತೊಡೆಯ ಮೇಲೆ ಇಟ್ಟೆ. “ನೀನೇ ಬಿಚ್ಚು ಮಗಳೇ” ಎಂದೆ.